ಚಿನ್ನದ ನಶ್ಯದ ಡಬ್ಬಿ ಕೊಳ್ಳುವ ಮುಂಚೆ: ಮುಚ್ಚಳ ತೆರೆದು ಒಳಗೆ ನೋಡಿ

"ಲಂಡನ್‌ನಲ್ಲಿರುವ ಮಗ ಹರಾಜಿನ ಫೋಟೊ ಕಳಿಸಿದ್ದಾನೆ. ಚಿನ್ನದ ಡಬ್ಬಿಯಂತೆ, 250 ವರ್ಷ ಹಳೆಯದಂತೆ, ಪ್ಯಾರಿಸ್‌ನದಂತೆ. ತಗೋಬಹುದಾ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಊರು ಬೇರೆ, ಫೋಟೊ ಬೇರೆ, ಕೇಳುವುದು ಮಾತ್ರ ಅದೇ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: "ಎಷ್ಟು ಗ್ರಾಂ ಇದೆ?" ಉತ್ತರ ಅಲ್ಲಿಂದ ಶುರುವಾಗುವುದಿಲ್ಲ ಅಂತ ಪ್ರತಿ ಸಲ ಬರೆಯುತ್ತಿದ್ದೆ. ಈಗ ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

ಮೊದಲು ಲೆಕ್ಕ ಮುಗಿಸಿಬಿಡೋಣ. 18ನೇ ಶತಮಾನದ ಪ್ಯಾರಿಸ್ ಡಬ್ಬಿಯ ಚಿನ್ನ ಸುಮಾರು 20 ಕ್ಯಾರೆಟ್. ನಮ್ಮ 916 ಅಂದರೆ 22 ಕ್ಯಾರೆಟ್, 750 ಅಂದರೆ 18. ಇದು ಎರಡರ ನಡುವೆ ಬರುತ್ತದೆ. 200 ಗ್ರಾಂ ತೂಗುವ ಡಬ್ಬಿಯಲ್ಲಿ ಅಪ್ಪಟ ಚಿನ್ನ ಸುಮಾರು 167 ಗ್ರಾಂ. ಒಳ್ಳೆಯ ಡಬ್ಬಿಯ ಬೆಲೆ ಈ ಚಿನ್ನದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಆ ಹೆಚ್ಚಿನ ದುಡ್ಡನ್ನು ನಾವು ಕೊಡುವುದು ಕೆಲಸಕ್ಕೆ, ಮತ್ತು ಆ ಕೆಲಸವನ್ನು ಯಾರೂ ಕೆಡಿಸದೆ ಉಳಿಸಿಕೊಂಡು ಬಂದಿದ್ದಕ್ಕೆ. ಮುಂದೆ ನಾನು ಹೇಳುವ ಪ್ರತಿ ಹಂತವೂ ಈ ಎರಡನ್ನು ಪರೀಕ್ಷಿಸುವುದು ಹೇಗೆ ಅನ್ನುವುದರ ಬಗ್ಗೆಯೇ.

ಇದು ಏನು ವಸ್ತು?

ನಮ್ಮ ಅಜ್ಜಂದಿರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ನಶ್ಯದ ಡಬ್ಬಿ ನೆನಪಿದೆಯಾ? ಅದೇ. ತಗಡಿನ ಬದಲು ಚಿನ್ನ. 18ನೇ ಶತಮಾನದ ಯುರೋಪಿನಲ್ಲಿ ಗಂಡಸರು, ಹೆಂಗಸರು ಇಬ್ಬರೂ ನಶ್ಯ ಏರಿಸುತ್ತಿದ್ದರು. ಡಬ್ಬಿ ತೆಗೆಯುವ, ಮುಚ್ಚುವ, ಎದುರಿಗಿದ್ದವರಿಗೆ ನೀಡುವ ರೀತಿಗೇ ಒಂದು ಶೈಲಿ ಇತ್ತು. ಅಂಗೈಯಲ್ಲಿ ಕೂರುವ ಗಾತ್ರ, ಸಾಮಾನ್ಯವಾಗಿ 8 ಸೆಂಟಿಮೀಟರ್ ಆಸುಪಾಸು ಉದ್ದ. ಫ್ರೆಂಚರು ಇದನ್ನು ತಬಾತಿಯೇರ್ ಅನ್ನುತ್ತಾರೆ. ಇದರ ನೆಂಟರೂ ಇದ್ದಾರೆ: ಸಿಹಿಗುಳಿಗೆ ಇಡುವ ದುಂಡನೆಯ ಬೋನ್‌ಬೋನಿಯೇರ್, ಸೂಜಿ ಕತ್ತರಿ ಇಡುವ ಉದ್ದನೆಯ ಎತ್ವಿ, ಕೆನ್ನೆಗೆ ಅಂಟಿಸಿಕೊಳ್ಳುವ ಕಪ್ಪು ಚುಕ್ಕೆಗಳ ಪುಟ್ಟ ಡಬ್ಬಿ. ನಶ್ಯದ ಡಬ್ಬಿಗೆ ಕೀಲು ಇರುತ್ತದೆ. ಬೋನ್‌ಬೋನಿಯೇರ್‌ನ ಮುಚ್ಚಳ ಕುಂಕುಮದ ಭರಣಿಯ ಹಾಗೆ ಪೂರ್ತಿ ಎತ್ತಿ ಬರುತ್ತದೆ. ಮಾರುವವರು ಎರಡಕ್ಕೂ ನಶ್ಯದ ಡಬ್ಬಿ ಅಂತಲೇ ಹೆಸರು ಹಚ್ಚುತ್ತಾರೆ, ಗಮನಿಸಿ.

ಡಬ್ಬಿ ರಾಜರ ಉಡುಗೊರೆಯೂ ಆಗಿತ್ತು. ಫ್ರಾನ್ಸಿನ ದೊರೆ ರಾಯಭಾರಿಗಳಿಗೆ ತನ್ನ ಚಿತ್ರ ಕೂರಿಸಿದ, ವಜ್ರ ಸುತ್ತಿಸಿದ ಡಬ್ಬಿ ಕೊಡುತ್ತಿದ್ದ. ಎಷ್ಟೋ ರಾಯಭಾರಿಗಳು ಅದನ್ನು ವಾಪಸ್ ಅದೇ ಒಡವೆ ವ್ಯಾಪಾರಿಗೆ ಕೊಟ್ಟು ನಗದು ತೆಗೆದುಕೊಂಡರು. ಅದೇ ಡಬ್ಬಿ ಚಿತ್ರ ಬದಲಾಯಿಸಿಕೊಂಡು ಇನ್ನೊಬ್ಬರಿಗೆ ಹೋಯಿತು. ಇದನ್ನು ಸುಮ್ನೆ ಹೇಳುತ್ತಿಲ್ಲ. ಮುಚ್ಚಳದ ಚಿತ್ರ ಡಬ್ಬಿಗಿಂತ ಹೊಸದಾಗಿದ್ದರೆ ಅದು ಮೋಸವೇ ಆಗಿರಬೇಕಿಲ್ಲ. ಆದರೆ ಬೆಲೆ ಹೇಳುವಾಗ ಮಾರುವವರು ಅದನ್ನು ಬಾಯಿಬಿಟ್ಟು ಹೇಳಬೇಕು.

ಬೇಕಾಗುವ ಸಾಮಾನು

- 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್. ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ.
- ಸಣ್ಣ ಟಾರ್ಚ್, ಜೊತೆಗೆ ಒಂದು ಯುವಿ ಟಾರ್ಚ್. ನೋಟು ಪರೀಕ್ಷೆಗೆ ಬಳಸುವ ನೀಲಿ ಬೆಳಕಿನದು.
- ನೈಟ್ರೈಲ್ ಗ್ಲೌಸ್. ಹತ್ತಿಯ ಗ್ಲೌಸ್ ಬೇಡ, ಜಾರುತ್ತದೆ.
- ಮೇಜಿನ ಮೇಲೆ ಹಾಸಲು ದಪ್ಪ ಟವೆಲ್.
- ನೋಟ್‌ಬುಕ್. ನೋಡಿದ ಪ್ರತಿ ಡಬ್ಬಿಯ ಮುದ್ರೆಯನ್ನು ಕೈಯಲ್ಲೇ ಚಿತ್ರ ಬಿಡಿಸಿಕೊಳ್ಳಿ. ಫೋಟೊ ತೆಗೆದರೆ ಕಣ್ಣಿಗೆ ಅಭ್ಯಾಸವಾಗುವುದಿಲ್ಲ.

ಬೇಡದ್ದು ಇನ್ನೂ ಮುಖ್ಯ. ಒರೆಗಲ್ಲು ಬೇಡ, ಆಸಿಡ್ ಬೇಡ, ಪಾಲಿಶ್ ಬೇಡ. ನಮ್ಮಲ್ಲಿ ಚಿನ್ನ ಅಂದ ಕೂಡಲೇ ಅಕ್ಕಸಾಲಿಗರ ಹತ್ತಿರ ಹೋಗುವುದು ರೂಢಿ. ಬಳೆಗೆ ಅದು ಸರಿ. ಈ ಡಬ್ಬಿಯ ಅಂಚನ್ನು ಒರೆಗಲ್ಲಿಗೆ ಒಂದು ಸಲ ಉಜ್ಜಿದರೂ ಹೋದದ್ದು ಹೋಯಿತು. ಅಂಗಡಿಯ ಕ್ಯಾರೆಟ್ ಮೀಟರ್‌ನಲ್ಲಿ ನೋಡಿಸಬಹುದು, ಅದು ಉಜ್ಜುವುದಿಲ್ಲ. ಆದರೆ ಆ ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ. ಬೆಳ್ಳಿಗೆ ದಪ್ಪನಾಗಿ ಚಿನ್ನದ ಲೇಪ ಕೊಟ್ಟಿದ್ದರೂ ಒಳ್ಳೆಯ ಅಂಕಿ ತೋರಿಸಬಹುದು.

ಹಂತ 1: ಕಣ್ಣು ಪಳಗಲಿ

ಕನಿಷ್ಠ ಆರು ತಿಂಗಳು ಏನನ್ನೂ ಕೊಳ್ಳಬೇಡಿ. ಬರೀ ನೋಡಿ. ಲಂಡನ್‌ನಲ್ಲಿರುವ ಕನ್ನಡಿಗರಿಗೆ ಇದು ಸುಲಭ. ವಾಲೇಸ್ ಕಲೆಕ್ಷನ್‌ಗೆ ಪ್ರವೇಶ ಉಚಿತ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೂ ಉಚಿತ, ರೊಸಲಿಂಡ್ ಮತ್ತು ಆರ್ಥರ್ ಗಿಲ್ಬರ್ಟ್ ದಂಪತಿಯ ದೊಡ್ಡ ಸಂಗ್ರಹ ಆ ಮ್ಯೂಸಿಯಂನ ಆರೈಕೆಯಲ್ಲಿದೆ. ಪ್ಯಾರಿಸ್‌ನಲ್ಲಿ ಲೂವ್ರ್ ಮತ್ತು ಕೊನ್ಯಾಕ್-ಜೇ ಮ್ಯೂಸಿಯಂ, ಡ್ರೆಸ್ಡನ್‌ನಲ್ಲಿ ಗ್ರೀನ್ ವಾಲ್ಟ್, ನ್ಯೂಯಾರ್ಕ್‌ನಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ.

ಊರಲ್ಲೇ ಇರುವವರು ಬೇಜಾರು ಮಾಡಿಕೊಳ್ಳಬೇಡಿ. ಈ ಮ್ಯೂಸಿಯಂಗಳು ತಮ್ಮ ಡಬ್ಬಿಗಳ ಫೋಟೊಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಗಾಜಿನ ಪೆಟ್ಟಿಗೆಯ ಮುಂದೆ ನಿಂತರೆ ಮುಚ್ಚಳ ಮಾತ್ರ ಕಾಣುತ್ತದೆ. ಆನ್‌ಲೈನ್‌ನಲ್ಲಿ ಎಷ್ಟೋ ಸಲ ತಳ, ಒಳಭಾಗ, ಮುದ್ರೆ ಎಲ್ಲದರ ಫೋಟೊ ಸಿಗುತ್ತದೆ. ಈ ಕೆಲಸಕ್ಕೆ ಅದೇ ಮೇಲು.

ಹಂತ 2: ಯಾವ ಊರಿನದು?

ಮುದ್ರೆ ನೋಡುವ ಮುಂಚೆಯೇ ಊರನ್ನು ಊಹಿಸಲು ಕಲಿಯಿರಿ. ಆಮೇಲೆ ಮುದ್ರೆ ನಿಮ್ಮ ಊಹೆಗೆ ಸಾಕ್ಷಿ ಹೇಳಬೇಕು. ಊಹೆಗೂ ಮುದ್ರೆಗೂ ಜಗಳ ಬಂದರೆ ಅಲ್ಲೇ ನಿಲ್ಲಿ.

ಪ್ಯಾರಿಸ್ ಈ ಕಲೆಯ ತವರು. ಅಲ್ಲಿನವರು ಒಂದೇ ಡಬ್ಬಿಯಲ್ಲಿ ನಾಲ್ಕು ಬಣ್ಣದ ಚಿನ್ನ ಬಳಸುತ್ತಿದ್ದರು. ತಾಮ್ರ ಜಾಸ್ತಿ ಬೆರೆತರೆ ಕೆಂಪು, ಬೆಳ್ಳಿ ಬೆರೆತರೆ ಹಸಿರು ಛಾಯೆ, ಜೊತೆಗೆ ಹಳದಿ ಮತ್ತು ಬಿಳಿ. ಹೂವು ಕೆಂಪು ಚಿನ್ನದಲ್ಲಿ, ಎಲೆ ಹಸಿರು ಚಿನ್ನದಲ್ಲಿ! ಜೀನ್ ಡುಕ್ರೊಲೇ, ಲೂಯಿ ರೂಸೆಲ್, ಜೋಸೆಫ್-ಎತಿಯೆನ್ ಬ್ಲೆರ್ಜಿ ಅಲ್ಲಿನ ದೊಡ್ಡ ಹೆಸರುಗಳು. ರೂಸೆಲ್ ಮಾಡಿದ ಒಂದು ಡಬ್ಬಿಗೆ 1770ರ ಹೊತ್ತಿಗೆ ಚಿತ್ರಕಾರ ವಾನ್ ಬ್ಲಾರೆನ್‌ಬರ್ಗ್ ಮಂತ್ರಿ ಶ್ವಾಝೆಲ್‌ನ ಮನೆಯ ಕೋಣೆಗಳನ್ನೇ ಬರೆದು ಕೂರಿಸಿದ. ಗೋಡೆಯ ಮೇಲೆ ತೂಗುಹಾಕಿದ ಚಿತ್ರಗಳು ಯಾವುವು ಅಂತ ಗುರುತಿಸುವಷ್ಟು ಸೂಕ್ಷ್ಮ. ಬೆರಳಿನುದ್ದದ ಜಾಗದಲ್ಲಿ!

ಡ್ರೆಸ್ಡನ್ ಅಂದರೆ ಕಲ್ಲು. ಅಲ್ಲಿನ ಯೋಹಾನ್ ಕ್ರಿಶ್ಚಿಯನ್ ನೊಯ್‌ಬರ್ (1736–1808) ಮಾಡಿದ್ದನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಸ್ಯಾಕ್ಸನಿ ಸೀಮೆಯಲ್ಲಿ ಸಿಗುವ ಅಗೇಟ್, ಜಾಸ್ಪರ್, ಕಾರ್ನೀಲಿಯನ್ ಕಲ್ಲುಗಳನ್ನು ತೆಳ್ಳಗೆ ಸೀಳಿ, ಚಿನ್ನದ ಸಣ್ಣ ಸಣ್ಣ ಮನೆಗಳಲ್ಲಿ ಒಂದೊಂದನ್ನೇ ಕೂರಿಸಿದ. ನಮ್ಮ ಕುಂದಣದ ಕೆಲಸ ನೋಡಿದವರಿಗೆ ಇದರ ಕಷ್ಟ ಅರ್ಥವಾಗುತ್ತದೆ. ಪ್ರತಿ ಕಲ್ಲಿನ ಪಕ್ಕ ಚಿನ್ನದ ಅಂಚಿನಲ್ಲಿ ಒಂದು ಅಂಕಿ ಕೆತ್ತಿದ. ಡಬ್ಬಿಯ ಜೊತೆ ಒಂದು ಪುಟ್ಟ ಕೈಪಿಡಿ. ಇಂಥ ಅಂಕಿಯ ಕಲ್ಲು ಇಂಥದು, ಇಂಥ ಊರಿನಲ್ಲಿ ಸಿಕ್ಕಿದ್ದು ಅಂತ ಅದರಲ್ಲಿ ಬರೆದಿರುತ್ತದೆ. ಒಂದು ಸೀಮೆಯ ನೆಲದಡಿಯ ಲೆಕ್ಕವೆಲ್ಲ ಜೇಬಿನಲ್ಲಿ! ಅಂಥ ಡಬ್ಬಿ ಕಂಡರೆ ಮೊದಲು ಕೇಳಬೇಕಾದ್ದು, ಕೈಪಿಡಿ ಉಳಿದಿದೆಯಾ? ಎರಡನೆಯದು, ಅಂಕಿಗಳು ಬಿಟ್ಟುಹೋಗದೆ ಸಾಲಾಗಿವೆಯಾ?

ಬರ್ಲಿನ್‌ನದು ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್‌ನ ಹುಚ್ಚು. ಸೈಲೀಷಿಯಾದ ಹಸಿರು ಕ್ರಿಸೊಪ್ರೇಸ್‌ನಂಥ ಕಲ್ಲಿನ ದಪ್ಪ ಡಬ್ಬಿ, ಮೇಲೆ ವಜ್ರದ ಹೂಬಳ್ಳಿ. 1759ರ ಕುನರ್ಸ್‌ಡೋರ್ಫ್ ಯುದ್ಧದಲ್ಲಿ ಅವನ ಕೋಟಿನ ಜೇಬಿನ ಡಬ್ಬಿ ಗುಂಡನ್ನು ತಡೆದು ಜೀವ ಉಳಿಸಿತು ಅಂತ ಹೇಳುತ್ತಾರೆ.

ಜಿನೀವಾದವರು ಎನಾಮೆಲ್ ಚಿತ್ರದಲ್ಲಿ ಮತ್ತು ಹಾಡುವ ಹಕ್ಕಿಯ ಡಬ್ಬಿಗಳಲ್ಲಿ (ಕೀಲಿ ಕೊಟ್ಟರೆ ಒಳಗಿನ ಪುಟ್ಟ ಯಂತ್ರದ ಹಕ್ಕಿ ಹಾಡುತ್ತದೆ) ಪಳಗಿದವರು. ರೋಮ್‌ನವರು ಗಾಜಿನ ಎಳೆಯ ಚೂರುಗಳನ್ನು ಜೋಡಿಸಿ ಮೈಕ್ರೊಮೊಸಾಯಿಕ್ ಚಿತ್ರ ಮಾಡಿದರು. ಲಂಡನ್, ಸೇಂಟ್ ಪೀಟರ್ಸ್‌ಬರ್ಗ್‌ಗಳಿಗೂ ಅವುಗಳದೇ ಶೈಲಿ ಇದೆ. ಇವನ್ನೆಲ್ಲ ನಿಧಾನವಾಗಿ ಕಲಿಯಿರಿ.

ಕೊನೆಯದು ಹನಾವ್. ಜರ್ಮನಿಯ ಈ ಊರಿನಲ್ಲಿ ಫ್ರೆಂಚ್ ಮೂಲದ ಅಕ್ಕಸಾಲಿಗರು ಬಂದು ನೆಲೆಸಿದ್ದರು. ಪ್ಯಾರಿಸ್ ಶೈಲಿಯಲ್ಲೇ ಡಬ್ಬಿ ಮಾಡಿ, ಪ್ಯಾರಿಸ್ ಮುದ್ರೆಯನ್ನು ಹೋಲುವ ಮುದ್ರೆಯನ್ನೇ ಒತ್ತಿದರು. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ಹನಾವ್ ಡಬ್ಬಿ ನಕಲಿಯಲ್ಲ. ಅದೂ ಹಳೆಯದು, ಚಿನ್ನದ್ದು, ಎಷ್ಟೋ ಸಲ ಬಹಳ ಚೆಂದದ್ದು. ಆದರೆ ಪ್ಯಾರಿಸ್‌ನ ಬೆಲೆ ಕೊಟ್ಟು ಅದನ್ನು ತಂದರೆ ನಷ್ಟ ನಿಮ್ಮದು. ಗೊತ್ತಿದ್ದೇ ತಂದರೆ ಅದು ಒಳ್ಳೆಯ ಖರೀದಿ.

ಹಂತ 3: ಕೀಲು ನೋಡಿ

ಒಂದೇ ಒಂದು ಜಾಗ ನೋಡಲು ಸಮಯ ಇದೆ ಅಂದರೆ ನಾನು ಕೀಲು ನೋಡುತ್ತೇನೆ.

ನಶ್ಯ ಎಂದರೆ ನಯವಾದ ಪುಡಿ. ಕೂದಲೆಳೆಯಷ್ಟು ಸಂದು ಇದ್ದರೂ ಜೇಬಿನೊಳಗೆ ಸೋರುತ್ತದೆ. ಗಾಳಿ ಹೋದರೆ ಒಣಗುತ್ತದೆ. ಹಾಗಾಗಿ ಮುಚ್ಚಳ ಬಿಗಿಯಾಗಿ ಕೂರಲೇಬೇಕು. ಚಿನ್ನದ ಸಣ್ಣ ಕೊಳವೆಯನ್ನು ತುಂಡು ತುಂಡು ಮಾಡಿ, ಒಂದನ್ನು ಮುಚ್ಚಳಕ್ಕೆ, ಮುಂದಿನದನ್ನು ಡಬ್ಬಿಗೆ, ಹೀಗೆ ಸರದಿಯಂತೆ ಬೆಸೆದು, ಮಧ್ಯೆ ಒಂದು ಸರಳು ತೂರಿಸುತ್ತಾರೆ. ಆಮೇಲೆ ಎಲ್ಲವನ್ನೂ ಅರದಿಂದ ಉಜ್ಜಿ ಅಂಚಿಗೆ ಸಮ ಮಾಡುತ್ತಾರೆ. ಒಳ್ಳೆಯ ಪ್ಯಾರಿಸ್ ಡಬ್ಬಿ ಮುಚ್ಚಿದಾಗ ಕೀಲು ಎಲ್ಲಿದೆ ಅಂತ ಹುಡುಕಬೇಕು. ಹಿಂದಿನ ಅಂಚಿನಲ್ಲಿ ಬೆರಳು ಆಡಿಸಿದರೂ ತಡೆಯುವುದಿಲ್ಲ.

ಹೀಗೆ ಮಾಡಿ. ಟವೆಲ್ ಮೇಲೆ ಡಬ್ಬಿ ಇಡಿ. ಎಡಗೈಯಲ್ಲಿ ಮೈ ಹಿಡಿದು, ಮುಂದಿನ ಅಂಚಿನ ಸಣ್ಣ ಉಬ್ಬನ್ನು ಬಲಗೈ ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ. ಮುಚ್ಚಳ ಒಂದೇ ಬಿಗಿಯಲ್ಲಿ ಏಳಬೇಕು, ನಡುವೆ ಸಡಿಲ ಆಗಬಾರದು. ನೆಟ್ಟಗೆ ನಿಂತ ಮೇಲೆ ಬಲವಂತ ಮಾಡಬೇಡಿ. ಈಗ ಮುಚ್ಚಳವನ್ನು ಅಕ್ಕಪಕ್ಕಕ್ಕೆ ಕೂದಲಷ್ಟು ಅಲುಗಿಸಿ ನೋಡಿ. ಆಟ ಆಡಿದರೆ ಸರಳು ಸವೆದಿದೆ ಅಂತ ಅರ್ಥ. ಆಮೇಲೆ ಮೆಲ್ಲಗೆ ಮುಚ್ಚಿ. ಒಳ್ಳೆಯ ಡಬ್ಬಿ ಮುಚ್ಚುವಾಗ ಒಳಗಿನ ಗಾಳಿ ಮೆತ್ತಗೆ ಎದುರು ಒತ್ತುತ್ತದೆ. ಕೊನೆಗೆ ಸಣ್ಣದೊಂದು "ಟಪ್". ಬೆಳ್ಳಿ ಕರಡಿಗೆ ಮುಚ್ಚಿ ಅಭ್ಯಾಸ ಇರುವವರಿಗೆ ಈ ಬಿಗಿ ಗೊತ್ತಿರುತ್ತದೆ.

ಲೂಪ್ ಹಿಡಿದು ನೋಡಬೇಕಾದ್ದು:

- ಕೀಲಿನ ಹತ್ತಿರ ಬೂದು ಬಣ್ಣದ ಕಲೆ ಇದೆಯಾ? ಅದು ಸೀಸದ ಬೆಸುಗೆ. ಯಾರೋ ಅವಸರಕ್ಕೆ ರಿಪೇರಿ ಮಾಡಿದ್ದಾರೆ. ಇನ್ನೊಮ್ಮೆ ಬಿಸಿ ತಾಗಿದರೆ ಸೀಸ ಚಿನ್ನವನ್ನೇ ತಿನ್ನುತ್ತದೆ. ಇಂಥ ಡಬ್ಬಿ ಬಿಟ್ಟುಬಿಡುವುದೇ ವಾಸಿ.
- ಕೀಲಿನ ಚಿನ್ನದ ಬಣ್ಣ ಮೈಗಿಂತ ಬೇರೆಯಾಗಿದೆಯಾ? ಕೀಲು ಬದಲಾಗಿರಬಹುದು.
- ಮುಚ್ಚಳದ ವಿನ್ಯಾಸದ ಗೆರೆ ಡಬ್ಬಿಯ ಮೈಯ ಗೆರೆಗೆ ಸರಿಯಾಗಿ ಸೇರುತ್ತದೆಯಾ? ಸೇರದಿದ್ದರೆ ಮುಚ್ಚಳ ಒಂದು ಡಬ್ಬಿಯದು, ಮೈ ಇನ್ನೊಂದರದು ಆಗಿರಬಹುದು.

ಹಂತ 4: ಮುದ್ರೆ ಓದಿ

ಇಲ್ಲಿ ತಾಳ್ಮೆ ಬೇಕು. ಫ್ರೆಂಚ್ ಕ್ರಾಂತಿಗೆ ಮುಂಚಿನ, ಅಂದರೆ 1789ಕ್ಕಿಂತ ಹಳೆಯ, ಪ್ಯಾರಿಸ್ ಡಬ್ಬಿಯಲ್ಲಿ ನಾಲ್ಕು ಬಗೆಯ ಮುದ್ರೆ ಇರಬೇಕು. ನಮ್ಮ ಈಗಿನ ಹಾಲ್‌ಮಾರ್ಕ್ ಶುದ್ಧತೆಗೆ. ಅವರದು ಶುದ್ಧತೆಗೂ ತೆರಿಗೆಗೂ.

ಮೊದಲನೆಯದು ಅಕ್ಕಸಾಲಿಗನ ಮುದ್ರೆ. ಮೇಲೆ ಕಿರೀಟ ಹೊತ್ತ ಲಿಲಿ ಹೂವು, ಎರಡು ಪುಟ್ಟ ಚುಕ್ಕೆ, ಹೆಸರಿನ ಮೊದಲಕ್ಷರಗಳು, ಮತ್ತು ಅವನದೇ ಒಂದು ಗುರುತು: ನಕ್ಷತ್ರವೋ, ಹಕ್ಕಿಯೋ, ಮತ್ತೊಂದೋ.

ಎರಡನೆಯದು ಅಕ್ಕಸಾಲಿಗರ ಸಂಘದ ಮುದ್ರೆ. ಚಿನ್ನ ಸರಿಯಾಗಿದೆ ಅಂತ ಸಂಘ ಕೊಡುವ ಮಾತು. ಅದರಲ್ಲಿ ವರ್ಷಕ್ಕೊಂದು ಅಕ್ಷರ. ಆ ಅಕ್ಷರ ಬದಲಾಗುತ್ತಿದ್ದದ್ದು ವರ್ಷದ ಮಧ್ಯದಲ್ಲಿ, ಬಹುತೇಕ ಜುಲೈ ಹೊತ್ತಿಗೆ. ಅದಕ್ಕೇ ಕ್ಯಾಟಲಾಗ್‌ನಲ್ಲಿ 1762–63 ಅಂತ ಜೋಡಿ ವರ್ಷ ಹಾಕುತ್ತಾರೆ.

ಮೂರು ಮತ್ತು ನಾಲ್ಕನೆಯದು ತೆರಿಗೆ ಗುತ್ತಿಗೆದಾರನವು. ಆಗ ತೆರಿಗೆ ವಸೂಲಿಯನ್ನು ದೊರೆ ಗುತ್ತಿಗೆಗೆ ಕೊಡುತ್ತಿದ್ದ. ಡಬ್ಬಿ ಅರ್ಧ ತಯಾರಾದಾಗ ಒಂದು ಮುದ್ರೆ ಒತ್ತುತ್ತಿದ್ದರು. ಇದಕ್ಕೆ ತೆರಿಗೆ ಬಾಕಿ ಇದೆ ಅಂತ. ಪೂರ್ತಿಯಾಗಿ, ತೆರಿಗೆ ಕಟ್ಟಿದ ಮೇಲೆ ಇನ್ನೊಂದು. ಈ ಕೊನೆಯ ಮುದ್ರೆ ತೀರಾ ಸಣ್ಣದು, ಸಾಸಿವೆ ಕಾಳಿನಷ್ಟು. ಯಾಕಂದರೆ ಆಗ ಡಬ್ಬಿಯ ಅಲಂಕಾರ ಮುಗಿದಿರುತ್ತದೆ, ದೊಡ್ಡದಾಗಿ ಒತ್ತಿದರೆ ಕೆಡುತ್ತದೆ. ಇದನ್ನು ಸಾಮಾನ್ಯವಾಗಿ ಅಂಚಿನ ಪಟ್ಟಿಯ ಮೇಲೆ ಹುಡುಕಬೇಕು.

ಉಳಿದ ಮುದ್ರೆಗಳು ಮುಚ್ಚಳದ ಒಳಗೆ, ತಳದ ಒಳಗೆ, ಪಕ್ಕದ ಒಳಗೆ ಇರುತ್ತವೆ. ಮುಚ್ಚಳದ ವರ್ಷದ ಅಕ್ಷರವೂ ತಳದ ಅಕ್ಷರವೂ ಒಂದೇನಾ ಅಂತ ನೋಡಿ. ಬೇರೆಯಾಗಿದ್ದರೆ ಕಾರಣ ಕೇಳಿ.

ಎಡವುವ ಜಾಗಗಳು:

"ಮುದ್ರೆ ಇಲ್ಲ, ಹಾಗಾಗಿ ನಕಲಿ." ತಪ್ಪು. 18ನೇ ಶತಮಾನದ ಬರ್ಲಿನ್, ಡ್ರೆಸ್ಡನ್ ಡಬ್ಬಿಗಳಿಗೆ ಬಹುಪಾಲು ಮುದ್ರೆಯೇ ಇಲ್ಲ. ಲಂಡನ್‌ನ ಎಷ್ಟೋ ಡಬ್ಬಿಗಳಿಗೂ ಇಲ್ಲ.

"ಮುದ್ರೆ ಇದೆ, ಹಾಗಾಗಿ ಅಸಲಿ." ಇದೂ ತಪ್ಪು. ಹನಾವ್ ವಿಷಯ ಹೇಳಿದೆನಲ್ಲ. ಒತ್ತಿದ ಮುದ್ರೆಯ ಅಂಚು ಲೂಪ್‌ನಲ್ಲಿ ಚೂಪಾಗಿ ಕಾಣುತ್ತದೆ. ಅಚ್ಚಿಗೆ ಹೊಯ್ದು ತೆಗೆದ ನಕಲಿನಲ್ಲಿ ಅಂಚು ಮೊಂಡಾಗಿ, ಒಳಗೆ ಸೂಜಿಮೊನೆಯಂಥ ತೂತುಗಳಿರುತ್ತವೆ.

"ಹದ್ದಿನ ತಲೆಯ ಮುದ್ರೆ ಇದೆ, ಅಂದರೆ 1838ರ ನಂತರದ ಡಬ್ಬಿ." ಅವಸರ ಬೇಡ. ಫ್ರಾನ್ಸಿನಲ್ಲಿ 18 ಕ್ಯಾರೆಟ್ ಚಿನ್ನಕ್ಕೆ 1838ರಿಂದ ಹದ್ದಿನ ತಲೆ ಒತ್ತುತ್ತಿದ್ದಾರೆ. ಹಳೆಯ ಡಬ್ಬಿ ಆಮೇಲೆ ಅಲ್ಲಿ ಮಾರಾಟಕ್ಕೆ ಬಂದಾಗಲೂ ಒತ್ತಿರಬಹುದು. ಗೂಬೆಯ ಮುದ್ರೆ ಕಂಡರೆ ಮಾತ್ರ ಕಿವಿ ನಿಮಿರಲಿ. 1893ರಿಂದ ಅದನ್ನು ಹೊರದೇಶದಿಂದ ಬಂದ ಅಥವಾ ಮೂಲ ಗೊತ್ತಿಲ್ಲದ ಚಿನ್ನಕ್ಕೆ ಒತ್ತುತ್ತಾರೆ. "ಪ್ಯಾರಿಸ್, 1770" ಅನ್ನುವ ಡಬ್ಬಿಯಲ್ಲಿ ಗೂಬೆ ಕೂತಿದ್ದರೆ, ಅದು ನಡುವೆ ಎಲ್ಲೆಲ್ಲಿ ಸುತ್ತಿ ಬಂತು ಅಂತ ಕೇಳಬೇಕಾಗುತ್ತದೆ.

ಹಂತ 5: ಮೈ ಓದಿ

ಈಗ ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ಸವರುವ ಹಾಗೆ ಹಿಡಿಯಿರಿ.

ಎನಾಮೆಲ್ ಅಂದರೆ ಬಣ್ಣದ ಗಾಜಿನ ಪುಡಿಯನ್ನು ಲೋಹದ ಮೇಲೆ ಕರಗಿಸಿ ಕೂರಿಸುವುದು. ನಮ್ಮ ಮೀನಾಕಾರಿಯ ಬಳಗವೇ. ಚಿತ್ರ ಬರೆದ ಎನಾಮೆಲ್ ಅನ್ನು ಹಲವು ಸಲ ಕುಲುಮೆಗೆ ಇಟ್ಟು ತೆಗೆಯಬೇಕು. ಕೊನೆಯ ಸಲ ಒಡೆದರೆ ಅಷ್ಟೂ ದಿನದ ಕೆಲಸ ಮಣ್ಣುಪಾಲು. ಇನ್ನೊಂದು ಬಗೆಯಲ್ಲಿ ಚಿನ್ನಕ್ಕೆ ಯಂತ್ರದಿಂದ ಅಲೆಅಲೆಯ ಗೆರೆ ಕೊರೆದು, ಮೇಲೆ ಪಾರದರ್ಶಕ ಎನಾಮೆಲ್ ಹಾಕುತ್ತಾರೆ. ಈ ಗೆರೆಕೆಲಸಕ್ಕೆ ಗಿಲೋಷೆ ಅಂತ ಹೆಸರು. ಡಬ್ಬಿ ತಿರುಗಿಸಿದರೆ ಒಳಗಿನ ಗೆರೆ ನೀರಿನ ಹಾಗೆ ಅಲುಗುತ್ತದೆ.

ಎನಾಮೆಲ್ ಒಡೆಯುವುದು ಮೂಲೆಯಲ್ಲಿ. ಹಾಗಾಗಿ ರಿಪೇರಿಯೂ ಮೂಲೆಯಲ್ಲೇ. ಈಗಿನವರು ಬೆಂಕಿಗೆ ಇಡುವ ಬದಲು ಬಣ್ಣದ ರಾಳ ತುಂಬುತ್ತಾರೆ. ಹಗಲಿನಲ್ಲಿ ಗೊತ್ತೇ ಆಗುವುದಿಲ್ಲ. ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಾಕಿದರೆ ರಾಳ ತುಂಬಿದ ಜಾಗ ಸುತ್ತಲಿಗಿಂತ ಬೇರೆಯಾಗಿ ಹೊಳೆಯುತ್ತದೆ. ರಿಪೇರಿ ಇರುವುದು ಅಪರಾಧ ಅಲ್ಲ. ಬಚ್ಚಿಡುವುದು ತಪ್ಪು.

ಉಬ್ಬು ಕೆತ್ತನೆಯ ಡಬ್ಬಿಯಾದರೆ ಎತ್ತರದ ಜಾಗ ನೋಡಿ: ಮುಖದ ಮೂಗು, ಹಕ್ಕಿಯ ಎದೆ, ಹೂವಿನ ತುದಿ. ಅಲ್ಲಿನ ಗೆರೆ ಅಳಿಸಿದ್ದರೆ ಪಾಲಿಶ್ ಮಾಡಿ ಮಾಡಿ ಸವೆಸಿದ್ದಾರೆ. ಉಬ್ಬಿನ ಸುತ್ತ ಸೂಜಿಯಿಂದ ಚುಚ್ಚಿದಂತೆ ಮರಳು ಮರಳಾದ ಹಿನ್ನೆಲೆ ಇರುತ್ತದೆ. ಅದು ಮಂಕಾಗಿಯೇ ಇರಬೇಕು, ಮಿಂಚಬಾರದು. ಓದುಗರೊಬ್ಬರು ಮನೆಯಲ್ಲಿದ್ದ ಹಳೆಯ ಡಬ್ಬಿಯನ್ನು ಅಂಗಡಿಯಲ್ಲಿ ಪಾಲಿಶ್ ಮಾಡಿಸಿ, ಆಮೇಲೆ ನನಗೆ ಫೋಟೊ ಕಳಿಸಿದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕುರುಬತಿಯ ಮುಖದಲ್ಲಿ ಕಣ್ಣೇ ಇರಲಿಲ್ಲ.

ಚೌಕಟ್ಟಿನ ಡಬ್ಬಿಗಳಲ್ಲಿ ಇನ್ನೊಂದು ಎಚ್ಚರಿಕೆ. ಚಿನ್ನದ ಚೌಕಟ್ಟು ಕಟ್ಟಿ, ನಡುವೆ ಕಲ್ಲು, ಜಪಾನಿನ ಅರಗಿನ ಹಲಗೆ, ಗಾಜಿನಡಿಯ ಚಿತ್ರ ಕೂರಿಸಿರುತ್ತಾರೆ. ಕಿಟಕಿಗೆ ಗಾಜು ಬದಲಿಸಿದ ಹಾಗೆ ಇವನ್ನೂ ಬದಲಿಸಬಹುದು. ಹಲಗೆಯ ಸುತ್ತ ಚೌಕಟ್ಟಿನ ತುಟಿ ಎಲ್ಲಾದರೂ ಬಾಗಿದೆಯಾ, ಗೀರಿದೆಯಾ ಅಂತ ನೋಡಿ.

ಪಿಂಚ್‌ಬೆಕ್ ಅಂತ ಒಂದು ಹೆಸರು ಕೇಳುತ್ತೀರಿ. ತಾಮ್ರ, ಸತುವಿನ ಬೆರಕೆ. 18ನೇ ಶತಮಾನದ ಲಂಡನ್‌ನ ಗಡಿಯಾರಗಾರನೊಬ್ಬನ ಹೆಸರೇ ಇದಕ್ಕೆ ಬಂದಿದೆ. ನೋಡಲು ಚಿನ್ನದಂತೆಯೇ ಇರುತ್ತದೆ. ಅದನ್ನೇ ಸಂಗ್ರಹಿಸುವವರೂ ಇದ್ದಾರೆ, ಆದರೆ ಬೆಲೆ ಬೇರೆ.

ಹಂತ 6: ಎಲ್ಲಿಂದ ಬಂತು ಅಂತ ಕೇಳಿ

ಜೇಬಿನಲ್ಲಿ ಹಿಡಿಸುವ ವಸ್ತು ಕದಿಯುವುದು ಸುಲಭ. 2003ರ ಜೂನ್‌ನಲ್ಲಿ ಇಂಗ್ಲೆಂಡಿನ ವಾಡ್ಸ್‌ಡನ್ ಮ್ಯಾನರ್ ಎಂಬ ಹಳೆಯ ಬಂಗಲೆಯಿಂದ 100ಕ್ಕೂ ಹೆಚ್ಚು ಡಬ್ಬಿಗಳು ಕಳುವಾದವು. 2024ರ ನವೆಂಬರ್ 20ರಂದು ಹಾಡಹಗಲೇ ಕೊಡಲಿ ಹಿಡಿದವರು ಪ್ಯಾರಿಸ್‌ನ ಕೊನ್ಯಾಕ್-ಜೇ ಮ್ಯೂಸಿಯಂಗೆ ನುಗ್ಗಿ, ಪ್ರದರ್ಶನಕ್ಕಿಟ್ಟಿದ್ದ 7 ಡಬ್ಬಿ ಹೊತ್ತೊಯ್ದರು. 5 ಆಮೇಲೆ ಸಿಕ್ಕವು.

ಹಾಗಾಗಿ ಹಿಂದಿನ ಒಡೆಯರ ಪಟ್ಟಿ ಬರಹದಲ್ಲಿ ಕೇಳಿ. ಅದರಲ್ಲೂ 1933ರಿಂದ 1945ರವರೆಗೆ ಡಬ್ಬಿ ಯಾರ ಕೈಯಲ್ಲಿತ್ತು ಅಂತ ವಿಚಾರಿಸಿ. ನಾತ್ಸಿಗಳು ಯಹೂದಿ ಕುಟುಂಬಗಳಿಂದ ಕಿತ್ತುಕೊಂಡ ವಸ್ತುಗಳಲ್ಲಿ ಇಂಥವೂ ಇದ್ದವು. ಕಳುವಾದ ಕಲಾವಸ್ತುಗಳ ಪಟ್ಟಿ ಇಡುವ ಆರ್ಟ್ ಲಾಸ್ ರಿಜಿಸ್ಟರ್‌ನಲ್ಲಿ ಪರೀಕ್ಷೆ ಮಾಡಿಸಿದ್ದೀರಾ ಅಂತಲೂ ಕೇಳಿ. ಮುಖ ಸಿಂಡರಿಸಿದರೆ ಅಲ್ಲಿಗೆ ಕೈ ಮುಗಿದು ಬನ್ನಿ.

ಹಂತ 7: ಹರಾಜು ಮತ್ತು ಕಸ್ಟಮ್ಸ್

ಕ್ಯಾಟಲಾಗ್‌ನ ಮಾತು ಅಳೆದು ತೂಗಿದ ಮಾತು. "ಇಂಥವರದು" ಅಂತ ನೇರವಾಗಿ ಬರೆದರೆ ಹರಾಜಿನವರು ಹೊಣೆ ಹೊರುತ್ತಿದ್ದಾರೆ. "ಇಂಥವರದೆಂದು ನಂಬಲಾಗಿದೆ" ಅಂದರೆ ಅಭಿಪ್ರಾಯ ಅಷ್ಟೇ. "ಇಂಥ ಶೈಲಿಯಲ್ಲಿ" ಅಂದರೆ ಆಮೇಲೆ ಯಾರೋ ಮಾಡಿದ್ದು. ಸ್ಥಿತಿ ವರದಿಯನ್ನು ತಪ್ಪದೆ ತರಿಸಿಕೊಳ್ಳಿ. ಕೀಲು, ಒಳಭಾಗ, ಮುದ್ರೆಗಳ ಫೋಟೊ ಬೇಕು ಅಂತ ಬೇರೆಯಾಗಿ ಕೇಳಿ. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಬೀಳುತ್ತದೆ, ಎಷ್ಟೋ ಕಡೆ ಕಾಲು ಭಾಗದ ಆಸುಪಾಸು. ಅದನ್ನು ಸೇರಿಸಿಯೇ ನಿಮ್ಮ ಮಿತಿ ಹಾಕಿಕೊಳ್ಳಿ.

ಭಾರತಕ್ಕೆ ತರುವವರು ಕೂಗುವ ಮುಂಚೆಯೇ ಕಸ್ಟಮ್ಸ್ ಏಜೆಂಟರನ್ನು ಕಂಡು ಮಾತಾಡಿ. 100 ವರ್ಷ ದಾಟಿದ ಕಲಾವಸ್ತು ಇಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ. ಒಮ್ಮೆ ಒಳಗೆ ತಂದ ಮೇಲೆ ಮತ್ತೆ ಹೊರಗೆ ಕಳಿಸುವುದು ಸುಲಭವಲ್ಲ. ಇದನ್ನು ಎಷ್ಟೋ ಜನ ಯೋಚಿಸಿಯೇ ಇರುವುದಿಲ್ಲ.

ಇನ್ನೂ ದೊಡ್ಡ ಗುಂಡಿ: ಆನೆದಂತ ಮತ್ತು ಆಮೆಚಿಪ್ಪು. ಮುಚ್ಚಳದ ಪುಟ್ಟ ಮುಖಚಿತ್ರಗಳನ್ನು ಎಷ್ಟೋ ಸಲ ಆನೆದಂತದ ತೆಳು ಹಾಳೆಯ ಮೇಲೆ ಬರೆದಿರುತ್ತಾರೆ. ಡಬ್ಬಿಯ ಒಳಗೆ ಆಮೆಚಿಪ್ಪಿನ ಪದರ ಇರುತ್ತದೆ. ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಆನೆದಂತದ ವ್ಯಾಪಾರಕ್ಕೆ ನಿಷೇಧ ಇದೆ. ಹಳೆಯದು ಅನ್ನುವ ಮಾತು ಕೆಲಸಕ್ಕೆ ಬರುವುದಿಲ್ಲ. ಇವೆರಡು ಇರುವ ಡಬ್ಬಿಯನ್ನು ಭಾರತಕ್ಕೆ ತರುವ ಆಸೆ ಬಿಡಿ. ಬ್ರಿಟನ್‌ನಲ್ಲಿ ಇರುವವರಿಗೂ ದಂತದ ಚಿತ್ರ ಮಾರಲು ಮೊದಲು ನೋಂದಣಿ ಮಾಡಿಸಬೇಕು.

ಇಷ್ಟು ದುಡ್ಡು ಸದ್ಯಕ್ಕೆ ಆಗದು ಅನ್ನುವವರಿಗೆ ನನ್ನ ಸಲಹೆ: ಬರ್ಮಿಂಗ್‌ಹ್ಯಾಮ್‌ನ ಬೆಳ್ಳಿ ವಿನೆಗ್ರೆಟ್. ಸುಗಂಧದ ವಿನೆಗರ್‌ನಲ್ಲಿ ಅದ್ದಿದ ಸ್ಪಂಜ್ ಇಡುತ್ತಿದ್ದ, ಒಳಗೆ ಜಾಲರಿ ಇರುವ ಪುಟ್ಟ ಡಬ್ಬಿ. ಬೆಲೆ ಎಷ್ಟೋ ಕಡಿಮೆ. ಮುದ್ರೆ ಸ್ಪಷ್ಟ: ಲಂಗರು ಅಂದರೆ ಬರ್ಮಿಂಗ್‌ಹ್ಯಾಮ್, ಪಕ್ಕದಲ್ಲಿ ವರ್ಷದ ಅಕ್ಷರ. ನೇಥನಿಯಲ್ ಮಿಲ್ಸ್‌ನ ಕೆಲಸ ಹುಡುಕಿ. ಕೀಲು, ಮುದ್ರೆ, ಸವೆತ ಎಲ್ಲವನ್ನೂ ಇದರಲ್ಲೇ ಕಲಿಯಬಹುದು. ಬಿಲ್‌ಸ್ಟನ್‌ನ ತಾಮ್ರದ ಎನಾಮೆಲ್ ಡಬ್ಬಿಗಳೂ ಚೆಂದ. ಆದರೆ ಅವುಗಳ ನಕಲನ್ನು 19ನೇ ಶತಮಾನದಲ್ಲಿ ಪ್ಯಾರಿಸ್‌ನ ಸಾಮ್ಸನ್ ಕಂಪನಿ ರಾಶಿಗಟ್ಟಲೆ ಮಾಡಿದೆ, ಹುಷಾರು.

ಹಂತ 8: ಮನೆಗೆ ಬಂದ ಮೇಲೆ

ನೀರು ಬೇಡ, ಸೋಪು ಬೇಡ. ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರವಂತೂ ಬೇಡವೇ ಬೇಡ. ಅದರ ನಡುಕಕ್ಕೆ ಎನಾಮೆಲ್ ಬಿರಿಯುತ್ತದೆ, ಅಂಟಿನಲ್ಲಿ ಕೂತ ಕಲ್ಲು ಕಳಚುತ್ತದೆ. ಮೆತ್ತನೆ ಒಣ ಬ್ರಶ್‌ನಿಂದ ಧೂಳು ತೆಗೆದರೆ ಸಾಕು. ಬಿಸಿಲು ಬೀಳುವ ಶೋಕೇಸ್‌ನಲ್ಲಿ ಇಡಬೇಡಿ, ಗಾಜಿನಡಿಯ ಚಿತ್ರದ ಬಣ್ಣ ಹೋಗುತ್ತದೆ. ಕರಾವಳಿಯವರು, ಮಲೆನಾಡಿನವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಪೊಟ್ಟಣ ಡಬ್ಬಿಗೆ ತಾಗದಿರಲಿ. ಹಾಡುವ ಹಕ್ಕಿಯ ಡಬ್ಬಿ ತಂದಿದ್ದರೆ ತಿಳಿದವರು ನೋಡುವ ತನಕ ಕೀಲಿ ಕೊಡಬೇಡಿ. ಒಣಗಿದ ಎಣ್ಣೆಯಲ್ಲಿ ಚಕ್ರ ತಿರುಗಿದರೆ ಹಲ್ಲು ಮುರಿಯುತ್ತದೆ.

ಕೀಲಿನ ಒಳಮೂಲೆಯಲ್ಲಿ, ಲೂಪ್ ಹಿಡಿದಾಗ, ಗಟ್ಟಿಯಾಗಿ ಕೂತ ಕಂದು ಪುಡಿ ಕಂಡೀತು. ಕಡ್ಡಿ ಹಾಕಿ ಕೆದಕಬೇಡಿ. ಅದು ನಶ್ಯ. ಹಾಗೇ ಬಿಡಿ.